ಇನ್ನೊಬ್ಬರಿಗೆ ಸಿಗಬಾರದ ಬಂದರು: ಟ್ರಿಂಕೋಮಲಿ ನೌಕಾನೆಲೆಯ ಕಥೆ

ಎಲ್ಲರಿಗೂ ನಮಸ್ಕಾರ.

ಬ್ರಿಟಿಷರ ಹೊರನಾಡಿನ ನೌಕಾನೆಲೆಗಳು ಎಂದ ಕೂಡಲೇ ಮಾಲ್ಟಾ, ಏಡನ್, ಸಿಂಗಪುರ ನೆನಪಾಗುತ್ತವೆ. ನಾನು ಆರಿಸಿಕೊಂಡಿರುವುದು ನಮಗೆ ತೀರ ಹತ್ತಿರದ್ದು, ಶ್ರೀಲಂಕಾದ ಪೂರ್ವ ಕರಾವಳಿಯ ಟ್ರಿಂಕೋಮಲಿ. 1795ರಿಂದ 1957ರವರೆಗೆ ಅದು ಬ್ರಿಟಿಷರ ಕೈಯಲ್ಲಿತ್ತು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬಂದರನ್ನು ಹಿಡಿದವರಲ್ಲಿ ಹೆಚ್ಚಿನವರಿಗೆ ಅದನ್ನು ಏನು ಮಾಡಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಶತ್ರುವಿನ ಪಾಲಾಗಬಾರದು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಯಾಕೆ ಹೀಗೆ ಎಂದು ತಿಳಿಯಲು ಹಿಂಗಾರಿನಿಂದ ಶುರು ಮಾಡಬೇಕು. ಹಾಯಿಹಡಗುಗಳ ಕಾಲದಲ್ಲಿ ಮದರಾಸಿನಲ್ಲಿ ಬಂದರು ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಜನ, ಸರಕು ಎಲ್ಲವೂ ಮಸೂಲಾ ದೋಣಿಗಳಲ್ಲಿ ಅಲೆ ದಾಟಿ ದಡ ಸೇರಬೇಕು. ಅಕ್ಟೋಬರ್ ಬಂತೆಂದರೆ ಈಶಾನ್ಯದ ಗಾಳಿ, ಚಂಡಮಾರುತ. ನೌಕಾಪಡೆ ಅಲ್ಲಿ ನಿಲ್ಲುವ ಹಾಗೇ ಇಲ್ಲ. ದುರಸ್ತಿ, ಆಸರೆ ಎರಡಕ್ಕೂ ಬ್ರಿಟಿಷರು ಇಡೀ ದಕ್ಷಿಣ ಭಾರತವನ್ನು ಸುತ್ತಿಕೊಂಡು ಬೊಂಬಾಯಿಗೆ ಹೋಗುತ್ತಿದ್ದರು. ಅಷ್ಟು ತಿಂಗಳು ಕೋರಮಂಡಲ ಕರಾವಳಿಗೆ ಕಾವಲೇ ಇಲ್ಲ. ಆ ಕಡೆ ಎಲ್ಲ ಕಾಲಕ್ಕೂ ಒದಗುವ, ಸುತ್ತ ಗುಡ್ಡಗಳಿರುವ, ಆಳವಾದ ಒಳಬಂದರು ಎಂದರೆ ಟ್ರಿಂಕೋಮಲಿ ಒಂದೇ.

ಕೋಣೇಶ್ವರದ ದೇವಸ್ಥಾನವಿದ್ದ ಬಂಡೆಯ ಊರು ಅದು. ಪೋರ್ಚುಗೀಸರು 1620ರ ದಶಕದಲ್ಲಿ ಆ ದೇವಸ್ಥಾನ ಕೆಡವಿ, ಅದೇ ಕಲ್ಲಿನಿಂದ ಕೋಟೆ ಕಟ್ಟಿದರು. ಆಮೇಲೆ ಡಚ್ಚರು ಬಂದರು. ನಾನು ನಿಧಾನವಾಗಿ ಹೇಳಬೇಕೆಂದಿರುವುದು 1782ರ ಕಥೆಯನ್ನು. ಯಾಕೆಂದರೆ ಅದರ ಒಂದು ತುದಿ ನಮ್ಮ ಮಂಗಳೂರಿನಲ್ಲಿದೆ.

ಹೈದರಾಲಿ ಮಂಗಳೂರಿನಲ್ಲಿ ಹಡಗು ಕಟ್ಟಿಸುತ್ತಿದ್ದ. 1780ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಅಲ್ಲಿಗೆ ನುಗ್ಗಿ ಆ ಹಡಗುಗಳನ್ನು ನಾಶ ಮಾಡಿದ. ಹೈದರನ ಸೈನ್ಯ ಆಗ ಆರ್ಕಾಟಿನ ಸೀಮೆಯನ್ನೆಲ್ಲ ಆವರಿಸಿಕೊಂಡಿತ್ತು. ನೆಲದ ಮೇಲೆ ಅವನದೇ ಮೇಲುಗೈ, ಆದರೆ ಕಡಲಿನಲ್ಲಿ ಅವನಿಗೆ ಯಾರೂ ಇಲ್ಲ. ಆ ಕೊರತೆ ತುಂಬಲು ಬಂದವನು ಫ್ರೆಂಚ್ ಅಡ್ಮಿರಲ್ ಸುಫ್ರೆನ್. 1782ರ ಜುಲೈಯಲ್ಲಿ ಕಡಲೂರಿನ ಬಳಿ ಇಬ್ಬರೂ ಭೇಟಿಯಾದರು. ಬಯಲಿನಲ್ಲಿ ಕುದುರೆ ಓಡಿಸಿ ಗೆದ್ದವನೊಬ್ಬ, ಹಡಗಿನ ಮೇಲೆಯೇ ಆಯುಸ್ಸು ಕಳೆದವನೊಬ್ಬ. ಇಬ್ಬರಿಗೂ ಸಾಮಾನ್ಯವಾಗಿದ್ದದ್ದು ಶತ್ರು ಒಬ್ಬನೇ.

ಸುಫ್ರೆನ್‌ಗೆ ಹಡಗುಗಳಿದ್ದವು, ಅವುಗಳನ್ನು ನಿಲ್ಲಿಸಲು ಜಾಗವಿರಲಿಲ್ಲ. ಟ್ರಿಂಕೋಮಲಿಯನ್ನು ಅದೇ ಹ್ಯೂಸ್ ಆ ವರ್ಷ ಜನವರಿಯಲ್ಲಿ ಡಚ್ಚರಿಂದ ಕಿತ್ತುಕೊಂಡು, ಸಣ್ಣ ಕಾವಲುಪಡೆ ಇಟ್ಟು ಹೋಗಿದ್ದ. ಹ್ಯೂಸ್ ಮದರಾಸಿನಲ್ಲಿ ಹಡಗು ರಿಪೇರಿ ಮಾಡಿಸುತ್ತಿದ್ದಾಗ, ಆಗಸ್ಟ್ ಕೊನೆಯಲ್ಲಿ ಸುಫ್ರೆನ್ ಸೈನ್ಯ ಇಳಿಸಿ ಕೆಲವೇ ದಿನಗಳಲ್ಲಿ ಕೋಟೆ ಹಿಡಿದ. ಸೆಪ್ಟೆಂಬರ್ 2ರಂದು ಹ್ಯೂಸ್ ಬಂದು ನೋಡಿದರೆ ಕೋಟೆಯ ಮೇಲೆ ಫ್ರೆಂಚ್ ಬಾವುಟ. ಮರುದಿನ ಬಂದರಿನ ಹೊರಗೆ ಘೋರ ಕಾಳಗವಾಯಿತು, ಯಾರೂ ಗೆಲ್ಲಲಿಲ್ಲ. ಇನ್ನೂ ವಿಚಿತ್ರ ಮುಂದಿದೆ. ಇಷ್ಟು ಕಷ್ಟಪಟ್ಟು ಗೆದ್ದ ಬಂದರಿನಲ್ಲಿ ಆ ಹಿಂಗಾರು ಕಳೆಯದೆ ಸುಫ್ರೆನ್ ಸುಮಾತ್ರಾ ದ್ವೀಪದ ಅಚೇ (Aceh) ಎಂಬ ಊರಿಗೆ ಹೊರಟುಹೋದ. ಡಿಸೆಂಬರ್‌ನಲ್ಲಿ ಹೈದರ್ ಚಿತ್ತೂರಿನ ಬಳಿ ತೀರಿಕೊಂಡ. ಯುದ್ಧ ಮುಗಿದಾಗ ಟ್ರಿಂಕೋಮಲಿ ಮತ್ತೆ ಡಚ್ಚರಿಗೇ ಹೋಯಿತು.

ಬ್ರಿಟಿಷರು ಮಾತ್ರ ಆ ಪಾಠ ಮರೆಯಲಿಲ್ಲ. ಹಾಲೆಂಡ್ ಫ್ರೆಂಚರ ವಶವಾದ 1795ರಲ್ಲಿ ಬಂದು ಹಿಡಿದರು. 1802ರ ಆಮಿಯಾನ್ಸ್ ಒಪ್ಪಂದದಲ್ಲಿ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಡಚ್ ಪ್ರದೇಶಗಳೆಲ್ಲ ಅವರಿಗೆ ಖಾಯಂ ಆದವು.

ಈ ನಡುವೆ ಶ್ರೀರಂಗಪಟ್ಟಣದವರಿಗೆ ರುಚಿಸುವ ಒಂದು ಪ್ರಸಂಗವಿದೆ. 1799ರಲ್ಲಿ ಕೋಟೆಯ ಒಡಕಿನಿಂದ ಸೈನ್ಯ ನುಗ್ಗಿಸಿದವನು ಡೇವಿಡ್ ಬೇರ್ಡ್. ಪಟ್ಟಣದ ಅಧಿಕಾರ ಸಿಕ್ಕಿದ್ದು ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿಗೆ. ಬೇರ್ಡ್‌ಗೆ ಹೊಟ್ಟೆಯುರಿ ಇದ್ದೇ ಇತ್ತು. ಮರುವರ್ಷ ಧೋಂಡಿಯಾ ವಾಘ್ ಎಂಬ ದಂಗೆಕೋರನನ್ನು ಮುಗಿಸಿದ ಮೇಲೆ ವೆಲ್ಲೆಸ್ಲಿಯನ್ನು ಟ್ರಿಂಕೋಮಲಿಗೆ ಕಳಿಸಿದರು. ಅಲ್ಲಿ ಸೈನ್ಯ ಕೂಡಿಸಬೇಕು. ಯಾವ ಕಡೆಗೆ? ಮೊದಲು ಮಾರಿಷಸ್ ಎಂದರು, ಆಮೇಲೆ ಬಟಾವಿಯಾ ಎಂದರು, ಕೊನೆಗೆ ಈಜಿಪ್ಟ್. ಈಜಿಪ್ಟಿನ ದಂಡಿಗೆ ನಾಯಕ ಯಾರು? ಬೇರ್ಡ್! ವೆಲ್ಲೆಸ್ಲಿ ಬೊಂಬಾಯಿಯಲ್ಲಿ ಕಾಯಿಲೆ ಬಿದ್ದು ಉಳಿದುಕೊಂಡ. ಅವನು ಹೋಗಬೇಕಿದ್ದ ಹಡಗು ಕೆಂಪು ಸಮುದ್ರದಲ್ಲಿ ಎಲ್ಲರೊಂದಿಗೆ ಮುಳುಗಿತು. ಆ ಜ್ವರ ಬಾರದಿದ್ದರೆ ವಾಟರ್ಲೂ ಯುದ್ಧಕ್ಕೆ ಬೇರೆ ಸೇನಾಪತಿಯನ್ನು ಹುಡುಕಬೇಕಿತ್ತು. ಟ್ರಿಂಕೋಮಲಿಯ ಕೋಟೆಯೊಳಗೆ ಅವನು ತಂಗಿದ್ದ ಮನೆಯನ್ನು ಈಗಲೂ ತೋರಿಸುತ್ತಾರೆ.

ಹತ್ತೊಂಬತ್ತನೇ ಶತಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಗ ಹಿಂದೂ ಮಹಾಸಾಗರದಲ್ಲಿ ಬ್ರಿಟಿಷರಿಗೆ ಎದುರಾಳಿಯೇ ಇರಲಿಲ್ಲ. ಒಂದನ್ನು ಗಮನಿಸಿ. ಕಾಫಿ, ಟೀ ತೋಟಗಳು ಕೊಲಂಬೊಗೆ ಹತ್ತಿರ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಡಗುಗಳೂ ಪಶ್ಚಿಮದ ಕಡೆಯಿಂದಲೇ ಬಂದವು. ಹಾಗಾಗಿ ಸರ್ಕಾರ ಕೊಲಂಬೊದಲ್ಲಿ ಸಮುದ್ರಕ್ಕೆ ಅಡ್ಡಗೋಡೆ ಕಟ್ಟಿ, ದುಡ್ಡು ಸುರಿದು ಬಂದರು ಮಾಡಿತು. ಪ್ರಕೃತಿ ಪುಕ್ಕಟೆ ಕೊಟ್ಟ ಬಂದರು ಇನ್ನೊಂದು ಬದಿಯಲ್ಲಿ ಖಾಲಿ ಬಿದ್ದಿತ್ತು. 1905ರ ಸುಮಾರಿಗೆ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಫಿಶರ್ ಖರ್ಚು ಉಳಿಸಲು ಅಲ್ಲಿನ ನೌಕಾ ಕಾರ್ಖಾನೆಯನ್ನೇ ಮುಚ್ಚಿಸಿದ.

ಅದನ್ನು ಮತ್ತೆ ಎಬ್ಬಿಸಿದ್ದು ಎಣ್ಣೆ. ಯುದ್ಧನೌಕೆಗಳು ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಬದಲಾದಾಗ, ಸಿಂಗಪುರದವರೆಗಿನ ದಾರಿಯಲ್ಲಿ ದಾಸ್ತಾನು ಬೇಕಾಯಿತು. 1920ರ ದಶಕದಿಂದ ಚೈನಾ ಬೇ ಎಂಬಲ್ಲಿ ಉಕ್ಕಿನ ದೊಡ್ಡ ತೊಟ್ಟಿಗಳ ಸಾಲು ಎದ್ದಿತು. ಒಂದೊಂದರಲ್ಲೂ ಸುಮಾರು 12 ಸಾವಿರ ಕಿಲೋಲೀಟರ್ ಹಿಡಿಯುತ್ತದೆ. ಈಗಲೂ 99 ನಿಂತಿವೆ.

1942ರ ಫೆಬ್ರವರಿಯಲ್ಲಿ ಸಿಂಗಪುರ ಬಿತ್ತು. ಏಪ್ರಿಲ್ 5ರಂದು ಜಪಾನಿ ವಿಮಾನಗಳು ಕೊಲಂಬೊ ಮೇಲೆ ಬಂದವು, 9ರಂದು ಟ್ರಿಂಕೋಮಲಿಯ ಮೇಲೆ. ಎಚ್ಚರಿಕೆ ಮೊದಲೇ ಸಿಕ್ಕಿದ್ದರಿಂದ ಹಿಂದಿನ ರಾತ್ರಿಯೇ ಬಂದರನ್ನು ಖಾಲಿ ಮಾಡಿಸಿದ್ದರು. ಹರ್ಮಿಸ್ ಎಂಬ ವಿಮಾನವಾಹಕ ಹಡಗು ಹಾಗೆ ಹೊರಟದ್ದು. ಅದರ ವಿಮಾನಗಳು ದಡದಲ್ಲೇ ಉಳಿದಿದ್ದವು. ಅಪಾಯ ಕಳೆಯಿತೆಂದು ವಾಪಸಾಗುವಾಗ ಅದೇ ಕರಾವಳಿಯ ಮಟ್ಟಕ್ಕಳಪ್ಪಿನ (ಬ್ಯಾಟಿಕಲೋವಾ) ಆಚೆ ಜಪಾನಿಗಳ ಕಣ್ಣಿಗೆ ಬಿತ್ತು, ಮುಳುಗಿತು. ಸುಮಾರು 300 ಜನ ಸತ್ತರು. ಗುಡ್ಡಗಳ ನಡುವಿನ ಒಳಬಂದರು ಗಾಳಿಯಿಂದ ಕಾಪಾಡೀತು, ಫಿರಂಗಿಯಿಂದಲೂ ಕಾಪಾಡೀತು. ಮೇಲಿನಿಂದ ಬೀಳುವ ಬಾಂಬಿಗೆ ಅದು ಹೇಗೆ ಅಡ್ಡ ನಿಂತೀತು? ಬ್ರಿಟಿಷರ ಪೂರ್ವ ನೌಕಾಪಡೆ ಆಫ್ರಿಕಾದ ಮೊಂಬಾಸಾಕ್ಕೆ ಹಿಂದೆ ಸರಿಯಿತು. ನೂರೈವತ್ತಕ್ಕೂ ಹೆಚ್ಚು ವರ್ಷದ ಹಂಬಲಕ್ಕೆ ನಿಜವಾಗಿ ಪರೀಕ್ಷೆ ಬಂದ ದಿನ ಅದು, ಅಂದು ಆ ಬಂದರು ಹೆಚ್ಚುಕಡಿಮೆ ಖಾಲಿಯಿತ್ತು. ಹೌದು, 1944ರಲ್ಲಿ ಹಡಗುಗಳು ಮರಳಿದವು, ಇಲ್ಲಿಂದಲೇ ಹೋಗಿ ಸುಮಾತ್ರಾದ ಸಬಾಂಗ್ ಮೇಲೆ ದಾಳಿ ಮಾಡಿದವು. ಆದರೆ ಅಷ್ಟರಲ್ಲಿ ಜಪಾನಿನ ಬಲ ಕುಗ್ಗಿತ್ತು.

1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ರಕ್ಷಣಾ ಒಪ್ಪಂದದ ಪ್ರಕಾರ ನೆಲೆ ಮಾತ್ರ ಬ್ರಿಟಿಷರಲ್ಲೇ ಉಳಿಯಿತು. ಉತ್ತರದ ದೊಡ್ಡ ನೆರೆಯವನ ಅಂಜಿಕೆ ಅದಕ್ಕೊಂದು ಕಾರಣ, ಅಂದರೆ ನಾವೇ! 1956ರಲ್ಲಿ ಚುನಾವಣೆ ಗೆದ್ದು ಪ್ರಧಾನಿಯಾದ ಬಂಡಾರನಾಯಕೆ ಇದನ್ನು ಒಪ್ಪಲಿಲ್ಲ. ಅದೇ ವರ್ಷ ಸೂಯೆಜ್ ಯುದ್ಧ ನಡೆದು, ಪರದೇಶದ ನೆಲೆ ಇಟ್ಟುಕೊಂಡು ಅಲಿಪ್ತರೆನ್ನಿಸಿಕೊಳ್ಳುವುದು ಸಾಧ್ಯವೇ ಇಲ್ಲ ಎಂಬ ಅವರ ವಾದಕ್ಕೆ ಬಲ ಬಂತು. 1957ರ ಅಕ್ಟೋಬರ್ 15ರಂದು ನೆಲೆ ಹಸ್ತಾಂತರವಾಯಿತು. ಗುಂಡು ಹಾರಲಿಲ್ಲ. ನಾಲ್ಕು ಯುರೋಪಿಯನ್ ಬಾವುಟ ಕಂಡ ಊರು ಮೊದಲ ಬಾರಿ ಮಾತುಕತೆಯಿಂದ ದ್ವೀಪದವರ ಕೈಗೆ ಬಂದಿತ್ತು.

ಆದರೆ ಇನ್ನೊಬ್ಬರಿಗೆ ಸಿಗಬಾರದು ಎಂಬ ಚಿಂತೆ ಬ್ರಿಟಿಷರೊಂದಿಗೆ ಹಡಗು ಹತ್ತಿ ಹೋಗಲಿಲ್ಲ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಸಹಿ ಹಾಕಿದ ಒಪ್ಪಂದದ ಬಗ್ಗೆ ಎಲ್ಲರೂ ಕೇಳಿದ್ದೀರಿ. ಅದರೊಂದಿಗೆ ಹೋದ ಪತ್ರಗಳನ್ನು ಓದಿದವರು ಕಡಿಮೆ. ಭಾರತದ ಹಿತಕ್ಕೆ ಧಕ್ಕೆಯಾಗುವಂತೆ ಟ್ರಿಂಕೋಮಲಿಯನ್ನಾಗಲಿ ಬೇರೆ ಬಂದರನ್ನಾಗಲಿ ಯಾವ ದೇಶದ ಸೈನ್ಯಕ್ಕೂ ಕೊಡಕೂಡದು, ಎಣ್ಣೆ ತೊಟ್ಟಿಗಳನ್ನು ಎರಡೂ ದೇಶ ಸೇರಿ ದುರಸ್ತಿ ಮಾಡಬೇಕು ಎಂದು ಅಲ್ಲಿದೆ. 1782ರಲ್ಲಿ ಹ್ಯೂಸ್ ಇಂಥ ಪತ್ರ ಬರೆಯಬಹುದಿತ್ತು.

ದುರಸ್ತಿ ಮಾತ್ರ ಆಗಲಿಲ್ಲ. ಅಂತರ್ಯುದ್ಧ ನಡುವೆ ಬಂತು. 1995ರ ಏಪ್ರಿಲ್‌ನಲ್ಲಿ ಎಲ್‌ಟಿಟಿಇಯ ಸಮುದ್ರ ಹುಲಿಗಳು ಇದೇ ಬಂದರಿನೊಳಗೆ ಎರಡು ನೌಕೆಗಳನ್ನು ಸ್ಫೋಟಿಸಿ ಕದನವಿರಾಮ ಮುರಿದರು. 2003ರಲ್ಲಿ ಇಂಡಿಯನ್ ಆಯಿಲ್‌ನ ಲಂಕಾ ಕಂಪನಿ ಕೆಳಗಿನ 15 ತೊಟ್ಟಿಗಳ ಕೆಲಸ ಹಿಡಿಯಿತು. ಮೇಲಿನ 84ರ ಸುತ್ತ ಕಾಡು ಬೆಳೆಯಿತು. ಕೊನೆಗೆ 2022ರ ಜನವರಿಯಲ್ಲಿ ಪಾಲಾಯಿತು: 14 ಭಾರತದ ಕಂಪನಿಗೆ, 24 ಸಿಲೋನ್ ಪೆಟ್ರೋಲಿಯಂ ನಿಗಮಕ್ಕೆ, ಉಳಿದ 61 ಇಬ್ಬರೂ ಕೂಡಿದ ಹೊಸ ಕಂಪನಿಗೆ. ಅದರಲ್ಲಿ ಶ್ರೀಲಂಕಾದ ಪಾಲು ನೂರಕ್ಕೆ 51, ನಮ್ಮದು 49. ಪತ್ರ ಬರೆದು ಪಾಲಾಗುವ ಹೊತ್ತಿಗೆ ಮೂವತ್ತನಾಲ್ಕು ವರ್ಷ ದಾಟಿತ್ತು.

ಇಲ್ಲಿಗೆ ನಿಲ್ಲಿಸುತ್ತೇನೆ. ಸುಫ್ರೆನ್ ಮತ್ತು ಹೈದರನ ಬಗ್ಗೆ ಪ್ರಶ್ನೆಗಳಿದ್ದರೆ ಮೊದಲು ಅವನ್ನೇ ತೆಗೆದುಕೊಳ್ಳೋಣ.