ಮೇ 31ಕ್ಕೆ ಒಪ್ಪಂದ ಮುಗಿಯುತ್ತದೆ, ಮೊಣಕಾಲಿನ ಗಾಯ ಮುಗಿಯುವುದಿಲ್ಲ

ಎಲ್ಲರಿಗೂ ನಮಸ್ಕಾರ. ವಾಸ್ಕೋದಿಂದ ಗೋವಾ ಕನ್ನಡಿಗರಿಗಾಗಿ ನಡೆಸುತ್ತಿರುವ ಈ ಕಾರ್ಯಕ್ರಮದಲ್ಲಿ ಇಂದು ಒಂದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಗಾಯಗೊಂಡು ಮೈದಾನದಿಂದ ಹೊರಗುಳಿದ ಆಟಗಾರನ ಒಪ್ಪಂದವನ್ನು ಫುಟ್‌ಬಾಲ್ ಕ್ಲಬ್ ವಿಸ್ತರಿಸಬೇಕೆ, ಬೇಡವೆ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲಬ್ಬಿನ ಅಂಗಿ ತೊಟ್ಟು ಆಡುವಾಗ ಅಥವಾ ಕ್ಲಬ್ಬಿನ ಅಭ್ಯಾಸದಲ್ಲಿ ಗಾಯವಾಗಿದ್ದರೆ, ವೈದ್ಯರು ಆ ಆಟಗಾರ ಆಡಲು ಸಿದ್ಧನಿದ್ದಾನೆ ಎನ್ನುವವರೆಗೆ, ಹೆಚ್ಚೆಂದರೆ ಒಂದು ಋತುವಿನ ಮಿತಿಯಲ್ಲಿ, ಒಪ್ಪಂದ ಮುಂದುವರಿಯಲೇಬೇಕು. ಮಾಲೀಕರ ಮನಸ್ಸು ಕರಗಿದರೆ ಸಿಗುವ ಉಪಕಾರವಾಗಿ ಅದು ಉಳಿಯಬಾರದು; ಮೊದಲ ಸಹಿಯ ದಿನವೇ ಒಪ್ಪಂದದೊಳಗೆ ಬರೆದಿರಬೇಕು. ಆದರೆ ಅನುಕಂಪದ ಭರದಲ್ಲಿ ನಾಲ್ಕೈದು ವರ್ಷಗಳ ಹೊಸ ಒಪ್ಪಂದವನ್ನು ಕೈಗಿಡುವುದನ್ನು ನಾನು ಒಪ್ಪುವುದಿಲ್ಲ.

ನಿಯಮಗಳು ಏನು ಹೇಳುತ್ತವೆ ಎಂಬುದನ್ನು ಮೊದಲು ನೋಡೋಣ. ಆಟಗಾರರ ಸ್ಥಾನಮಾನ ಮತ್ತು ವರ್ಗಾವಣೆ ಕುರಿತ ಫಿಫಾ ನಿಯಮಗಳ ಪ್ರಕಾರ ಒಪ್ಪಂದದ ಗರಿಷ್ಠ ಅವಧಿ ಐದು ವರ್ಷ. ಸಹಿಯಾದ ಮೇಲೆ ವೈದ್ಯಕೀಯ ತಪಾಸಣೆಯಲ್ಲಿ ತೇರ್ಗಡೆಯಾದರೆ ಮಾತ್ರ ಒಪ್ಪಂದ ಊರ್ಜಿತ ಎಂಬ ಷರತ್ತನ್ನು ಕ್ಲಬ್ ಹಾಕುವಂತಿಲ್ಲ. ತಪಾಸಣೆ ಏನಿದ್ದರೂ ಸಹಿಗೆ ಮುಂಚೆಯೇ ಆಗಬೇಕು. ಆಟಗಾರ ಗಾಯಗೊಂಡ ಎಂಬ ಕಾರಣಕ್ಕೆ ನಡುವೆ ಒಪ್ಪಂದ ಮುರಿಯುವುದನ್ನು ನ್ಯಾಯಸಮ್ಮತ ಕಾರಣವೆಂದು ಫಿಫಾ ನ್ಯಾಯಮಂಡಳಿಗಳು ಪರಿಗಣಿಸುವುದಿಲ್ಲ. ಅಂದರೆ ಎರಡು ವರ್ಷ ಬಾಕಿ ಇರುವವನ ಮೊಣಕಾಲು ಮುರಿದರೆ ಅವನ ಸಂಬಳಕ್ಕೆ ರಕ್ಷಣೆಯಿದೆ. ಬಾಕಿ ಮೂರೇ ತಿಂಗಳು ಇರುವವನಿಗೆ ಆ ಮೂರು ತಿಂಗಳ ನಂತರ ಯಾವ ಆಸರೆಯೂ ಇಲ್ಲ. ಇಬ್ಬರೂ ಒಂದೇ ಪಂದ್ಯದಲ್ಲಿ, ಒಂದೇ ಕೋಚ್‌ನ ಮಾತಿಗೆ ಓಗೊಟ್ಟು, ಒಂದೇ ಬಗೆಯ ಟ್ಯಾಕಲ್‌ಗೆ ಇಳಿದವರು.

ಇನ್ನೊಂದು ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ಬಿನೊಂದಿಗೆ ಮುಂಗಡವಾಗಿ ಮಾತುಕತೆ ನಡೆಸಿ ಸಹಿ ಹಾಕಲು ಅದೇ ನಿಯಮಗಳು ಅವಕಾಶ ಕೊಟ್ಟಿವೆ. ಇಡೀ ವೃತ್ತಿಯಲ್ಲಿ ಆಟಗಾರನ ಕೈ ಮೇಲಾಗಿರುವುದು ಬಹುಶಃ ಈ ಅವಧಿಯಲ್ಲಿ ಮಾತ್ರ. ಗಾಯ ಈ ಅವಧಿಯಲ್ಲೇ ಬಂದರೆ ಅವನು ಸಂಬಳದ ಜೊತೆಗೆ ಕೆಲಸ ಹುಡುಕುವ ಸಮಯವನ್ನೂ ಕಳೆದುಕೊಳ್ಳುತ್ತಾನೆ. ಊರುಗೋಲು ಹಿಡಿದವನ ವಿಡಿಯೊ ತುಣುಕುಗಳನ್ನು ಯಾವ ಕ್ಲಬ್ ತಾನೇ ಕೇಳಿ ತರಿಸಿಕೊಳ್ಳುತ್ತದೆ?

ಎಸಿಎಲ್ ಎಂದು ನಾವೆಲ್ಲ ಕರೆಯುವ, ಮೊಣಕಾಲಿನೊಳಗಿನ ಆ ಅಸ್ಥಿರಜ್ಜು ಹರಿದರೆ ಅದನ್ನು ಸುಮ್ಮನೆ ಹೊಲಿದು ಸರಿಪಡಿಸುವುದು ಅಪರೂಪ. ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ ಪಟ್ಟಿಯೊಂದನ್ನು ತೆಗೆದು, ಮೂಳೆಯಲ್ಲಿ ರಂಧ್ರ ಕೊರೆದು ಕೂರಿಸುತ್ತಾರೆ. ಹಾಗೆ ಕೂರಿಸಿದ ಪಟ್ಟಿ ಮೈಗೂಡಿ ಅಸ್ಥಿರಜ್ಜುವಿನ ಗುಣ ಪಡೆಯಲು ತಿಂಗಳುಗಳೇ ಬೇಕು. 2016ರಲ್ಲಿ ಪ್ರಕಟವಾದ ಡೆಲವೇರ್–ಓಸ್ಲೊ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮೊಣಕಾಲು ಮತ್ತೆ ಗಾಯಗೊಳ್ಳುವ ಪ್ರಮಾಣ ಪ್ರತಿ ತಿಂಗಳಿಗೆ ಸುಮಾರು ಅರ್ಧದಷ್ಟು ತಗ್ಗಿರುವುದು ಕಂಡುಬಂತು. ಈ ಲೆಕ್ಕವನ್ನು ನಮ್ಮ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಿ. ನಮ್ಮಲ್ಲಿ ಬಹುಪಾಲು ವೃತ್ತಿಪರ ಒಪ್ಪಂದಗಳು ಮೇ 31ಕ್ಕೆ ಮುಗಿಯುತ್ತವೆ. ಫೆಬ್ರವರಿಯಲ್ಲಿ ಗಾಯಗೊಂಡು ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವನು ಒಂಬತ್ತು ತಿಂಗಳು ಪೂರೈಸುವುದು ಡಿಸೆಂಬರ್‌ನಲ್ಲಿ. ಜೂನ್‌ನಿಂದ ಡಿಸೆಂಬರ್‌ವರೆಗಿನ ಫಿಸಿಯೊ, ಜಿಮ್, ಎಂಆರ್‌ಐ, ಮನೆಬಾಡಿಗೆ ಇವೆಲ್ಲ ಯಾರ ಖಾತೆಗೆ?

ಖಾತೆ ಯಾರದು ಎಂಬುದು ಗೊತ್ತಾಗದಿದ್ದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಬಾಯ್ನಾದ ಹುಡುಗ, ತಂದೆ ಬಾಗಲಕೋಟೆ ಕಡೆಯಿಂದ ಬಂದು ಬಂದರಿನಲ್ಲಿ ದುಡಿದವರು. ತಿಲಕ್ ಮೈದಾನದ ಹತ್ತಿರದ ಒಂದು ಚಿಕ್ಕ ಫಿಸಿಯೊಥೆರಪಿ ಕೋಣೆಯಲ್ಲಿ ಅವನು ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದ್ದ. ಫಿಸಿಯೊ ದರ್ಜಿಯ ಟೇಪು ಹಿಡಿದು, ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಎರಡೂ ತೊಡೆಗಳ ಸುತ್ತಳತೆ ತೆಗೆದು, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಿದ್ದರು. ಬಲಗಾಲಿನ ತೊಡೆ ಕಣ್ಣಿಗೇ ಸಣ್ಣದಾಗಿ ಕಾಣುತ್ತಿತ್ತು. ಟವೆಲ್ ಸುರುಳಿಯ ಮೇಲೆ ಮಂಡಿ ಒತ್ತಿ ಹತ್ತು ಎಣಿಸುವ ವ್ಯಾಯಾಮದ ನಡುವೆ ಅವನು ನನ್ನತ್ತ ತಿರುಗಿ, "ಅಣ್ಣಾರ, ಕ್ಲಬ್ಬಿನವರು ಬ್ಯಾಡ ಅಂತನೂ ಅನ್ನವಲ್ಲರು, ಹೂಂ ಅಂತನೂ ಅನ್ನವಲ್ಲರು. ನಾ ಯಾರಿಗೆ ಫೋನ್ ಮಾಡ್ಲಿ?" ಎಂದ. ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಅವರು ಅವನನ್ನು ಕೈಬಿಟ್ಟರು ಎಂದೂ ಹೇಳಲಾರೆ, ಏಕೆಂದರೆ ಕೈಬಿಟ್ಟ ಪತ್ರವೂ ಬಂದಿರಲಿಲ್ಲ. ದಿನಾಂಕ ದಾಟಿತು, ಫೋನ್ ಎತ್ತುವವರು ಇಲ್ಲವಾದರು, ಅಷ್ಟೆ. ಹುಡುಗ ಚಿಕಿತ್ಸೆಯ ವೆಚ್ಚ ತಾಳಲಾರದೆ ಆರನೇ ತಿಂಗಳಿಗೇ ಸ್ಥಳೀಯ ಪಂದ್ಯಗಳಲ್ಲಿ ಆಡತೊಡಗಿದ.

ದೊಡ್ಡ ಕ್ಲಬ್ಬುಗಳ ಚರಿತ್ರೆಯಲ್ಲಿ ನನಗೆ ಹೆಚ್ಚು ಪಾಠ ಹೇಳುವುದು ಸ್ವೀಡನ್‌ನ ಸ್ಟ್ರೈಕರ್ ಝ್ಲಾಟನ್ ಇಬ್ರಾಹಿಮೋವಿಚ್ ಅವರ ಪ್ರಕರಣ. 2017ರ ಏಪ್ರಿಲ್‌ನಲ್ಲಿ ಆಂಡರ್ಲೆಕ್ಟ್ ವಿರುದ್ಧದ ಪಂದ್ಯದಲ್ಲಿ ಮೊಣಕಾಲು ಕೆಡಿಸಿಕೊಂಡಾಗ ಅವರಿಗೆ 35 ವರ್ಷ, ಒಪ್ಪಂದಕ್ಕೆ ಉಳಿದಿದ್ದುದು ಎರಡೇ ತಿಂಗಳು. ಮ್ಯಾಂಚೆಸ್ಟರ್ ಯುನೈಟೆಡ್ ಒಪ್ಪಂದ ವಿಸ್ತರಿಸಲಿಲ್ಲ. ಆದರೆ ತನ್ನ ತರಬೇತಿ ಕೇಂದ್ರದ ಬಾಗಿಲನ್ನೂ ಮುಚ್ಚಲಿಲ್ಲ. ಅವರು ಅಲ್ಲೇ ಪುನಶ್ಚೇತನ ಮುಂದುವರಿಸಿದರು, ಆಗಸ್ಟ್‌ನಲ್ಲಿ ಒಂದು ವರ್ಷಕ್ಕೆ ಮತ್ತೆ ಸಹಿ ಹಾಕಿದರು. ಏಳೇ ತಿಂಗಳಿಗೆ ಮೈದಾನಕ್ಕಿಳಿದರು, ಡಿಸೆಂಬರ್‌ನಲ್ಲಿ ಮೊಣಕಾಲು ಮತ್ತೆ ತೊಂದರೆ ಕೊಟ್ಟಿತು, ಮಾರ್ಚ್‌ನಲ್ಲಿ ಅಮೆರಿಕಕ್ಕೆ ಹೊರಟರು. ಯುನೈಟೆಡ್‌ಗೆ ಆಟದ ಲೆಕ್ಕದಲ್ಲಿ ಇದರಿಂದ ಹೆಚ್ಚೇನೂ ದಕ್ಕಲಿಲ್ಲ. ಲಾಸ್ ಏಂಜಲೀಸ್ ಗ್ಯಾಲಕ್ಸಿ ಪರವಾಗಿ ಅದೇ ಮೊಣಕಾಲಿನಲ್ಲಿ ಎರಡು ಋತುಗಳಲ್ಲಿ ಐವತ್ತಕ್ಕೂ ಹೆಚ್ಚು ಗೋಲು ಬಂದವು. ಮೊಣಕಾಲು ವಾಸಿಯಾಗುತ್ತದೆ, ಆದರೆ ಕ್ಲಬ್ಬಿನ ವೇಳಾಪಟ್ಟಿಗೆ ಸರಿಯಾಗಿ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಾಯರ್ನ್ ಮ್ಯೂನಿಕ್ ತನ್ನ ಡಿಫೆಂಡರ್ ಹೋಲ್ಗರ್ ಬಾಡ್‌ಸ್ಟುಬರ್ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿತು. 2012ರ ಡಿಸೆಂಬರ್‌ನಲ್ಲಿ ಅವರ ಎಸಿಎಲ್ ಹರಿದ ಬೆನ್ನಿಗೇ 2017ರವರೆಗೆ ಒಪ್ಪಂದ ವಿಸ್ತರಿಸಿತು. ಮನಸ್ಸು ತುಂಬಿ ಬರುವಂಥ ನಡೆ, ನಿಜ. ಮರುವರ್ಷವೇ ಅದೇ ಅಸ್ಥಿರಜ್ಜು ಮತ್ತೆ ಹರಿಯಿತು, ಬಳಿಕ ಬೇರೆ ಗಾಯಗಳು ಸರದಿಯಲ್ಲಿ ಬಂದವು. ಬಾರ್ಸಿಲೋನಾ 2020ರ ನವೆಂಬರ್‌ನಲ್ಲಿ ಮೊಣಕಾಲು ಗಾಯಗೊಂಡಿದ್ದ ಯುವ ಫಾರ್ವರ್ಡ್ ಆನ್ಸು ಫಾತಿಗೆ 2021ರ ಅಕ್ಟೋಬರ್‌ನಲ್ಲಿ, ಮರಳಿ ಬಂದ ಹೊಸತರಲ್ಲೇ, 2027ರವರೆಗಿನ ಒಪ್ಪಂದ ಕೊಟ್ಟು, ಎರಡು ವರ್ಷ ಕಳೆಯುವುದರೊಳಗೆ ಬ್ರೈಟನ್‌ಗೆ ಎರವಲು ಕಳುಹಿಸಿತು. ದೀರ್ಘ ವಿಸ್ತರಣೆಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ: ಹೊಸ ಮೊಣಕಾಲು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಲಿವರ್‌ಪೂಲ್ ಕಾದಿತು. ಅದರ ಡಿಫೆಂಡರ್ ವಾನ್ ಡೈಕ್ 2020ರ ಅಕ್ಟೋಬರ್‌ನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಬಿದ್ದರು, ಮುಂದಿನ ಆಗಸ್ಟ್‌ನಲ್ಲಿ ತಂಡಕ್ಕೆ ಮರಳುವ ಹೊತ್ತಿಗೆ ಹೊಸ ಒಪ್ಪಂದವಾಯಿತು. ಅವರ ಹಳೆಯ ಒಪ್ಪಂದಕ್ಕೆ ಇನ್ನೂ ಅವಧಿ ಇದ್ದುದರಿಂದಲೇ ಈ ತಾಳ್ಮೆ ಸಾಧ್ಯವಾಯಿತು ಎಂಬುದನ್ನು ಮರೆಯಬಾರದು. ನಾನು ಕೇಳುತ್ತಿರುವ ಸಣ್ಣ ವಿಸ್ತರಣೆ ಇದೇ ತಾಳ್ಮೆಯನ್ನು ಎರಡೂ ಕಡೆಯವರಿಗೆ ಒದಗಿಸುತ್ತದೆ.

ಕ್ಲಬ್ಬುಗಳಿಗೂ ತಮ್ಮದೇ ಆದ ಸಂಕಟವಿದೆ. ರಾಷ್ಟ್ರೀಯ ತಂಡದ ಪರ ಆಡುವಾಗ ಗಾಯವಾದರೆ ಫಿಫಾದ ಕ್ಲಬ್ ರಕ್ಷಣಾ ಯೋಜನೆ ಇದೆ. ಮೊದಲ 28 ದಿನಗಳನ್ನು ಬಿಟ್ಟು, ಗರಿಷ್ಠ ಒಂದು ವರ್ಷದವರೆಗೆ, ಒಂದು ಗಾಯಕ್ಕೆ 75 ಲಕ್ಷ ಯೂರೊವರೆಗೆ ಸಂಬಳವನ್ನು ತುಂಬಿಕೊಡುತ್ತದೆ. ಲೀಗ್ ಪಂದ್ಯದಲ್ಲಿ ಬಿದ್ದವನಿಗೆ ಅಂಥದ್ದೇನೂ ಇಲ್ಲ, ಕ್ಲಬ್ ತಾನೇ ವಿಮೆ ಮಾಡಿಸಬೇಕು. ಸ್ಪೇನ್‌ನ ಲೀಗ್ ಇದಕ್ಕೊಂದು ಉಪಾಯ ಕಂಡುಕೊಂಡಿದೆ: ನಾಲ್ಕು ತಿಂಗಳಿಗೂ ಮಿಕ್ಕಿದ ಗಾಯವೆಂದು ಲೀಗಿನ ವೈದ್ಯರು ಒಪ್ಪಿದರೆ ಕ್ಲಬ್ಬಿನ ಸಂಬಳ ಮಿತಿಯ ಲೆಕ್ಕದಲ್ಲಿ ಗಾಯಾಳುವಿನ ಸಂಬಳದ ಶೇ 80ರಷ್ಟನ್ನು ಬದಲಿ ಆಟಗಾರನ ನೋಂದಣಿಗೆ ಬಳಸಬಹುದು. ಆದರೆ 2025ರ ಆಗಸ್ಟ್‌ನಲ್ಲಿ, ಅದಾಗಲೇ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿದ್ದ ಗೋಲ್‌ಕೀಪರ್ ಟೆರ್ ಸ್ಟೆಗನ್ ತಮ್ಮ ವೈದ್ಯಕೀಯ ವರದಿಯನ್ನು ಲೀಗಿಗೆ ಕಳುಹಿಸಲು ಸಹಿ ಹಾಕದಿದ್ದಾಗ, ಬಾರ್ಸಿಲೋನಾ ಅವರ ನಾಯಕತ್ವವನ್ನೇ ಕಿತ್ತುಕೊಂಡು, ಸಹಿ ಬಿದ್ದ ಮೇಲೆ ಹಿಂದಿರುಗಿಸಿತು. ಒಳ್ಳೆಯ ನಿಯಮವೂ ಕ್ಲಬ್ಬಿನ ಲೆಕ್ಕಪತ್ರದ ಕೈಗೆ ಸಿಕ್ಕಾಗ ಹೀಗಾಗುತ್ತದೆ.

ನಮ್ಮ ದೇಶಕ್ಕೆ ಬಂದರೆ, ಸಂದೇಶ್ ಝಿಂಗನ್ 2019ರ ಅಕ್ಟೋಬರ್‌ನಲ್ಲಿ ಎಸಿಎಲ್ ಗಾಯಕ್ಕೆ ಸಿಲುಕಿ ಇಡೀ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಋತುವನ್ನು ಕಳೆದುಕೊಂಡರು. 2020ರ ಮೇ ತಿಂಗಳಲ್ಲಿ ಅವರೂ ಕೇರಳ ಬ್ಲಾಸ್ಟರ್ಸ್ ತಂಡವೂ ಪರಸ್ಪರ ಒಪ್ಪಿಗೆಯಿಂದ ಬೇರೆಯಾದರು. ಅದೇ ವರ್ಷ ಎಟಿಕೆ ಮೋಹನ್ ಬಾಗಾನ್ ಅವರನ್ನು ಐದು ವರ್ಷಕ್ಕೆ ಸೇರಿಸಿಕೊಂಡಿತು. ಭಾರತ ತಂಡದ ಡಿಫೆಂಡರ್‌ಗೆ ಬಾಗಿಲು ತೆರೆಯುವವರು ಇದ್ದೇ ಇರುತ್ತಾರೆ. 2024ರ ಜನವರಿಯಲ್ಲಿ ಏಷ್ಯನ್ ಕಪ್‌ನಲ್ಲಿ ಮತ್ತೆ ಗಾಯಗೊಂಡಾಗ ಅವರು ಎಫ್‌ಸಿ ಗೋವಾದಲ್ಲಿದ್ದರು, ಆ ಬಳಿಕವೂ ಇಲ್ಲೇ ಉಳಿದು ಆಡಿದರು. ಫತೋರ್ಡಾ ಕ್ರೀಡಾಂಗಣದ ಗ್ಯಾಲರಿಯಲ್ಲಿ ಕೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಚಿಂತೆ ಗೋವಾ ಪ್ರೊಫೆಷನಲ್ ಲೀಗ್‌ನಲ್ಲಿ ಆಡುವವರ ಬಗ್ಗೆ, ಹೆಸರು ಪತ್ರಿಕೆಯ ಮೂಲೆಯಲ್ಲಿ ಬಂದರೂ ಬಂತು ಎನ್ನುವವರ ಬಗ್ಗೆ.

ಅವರ ಹಿಂದಿನ ತಲೆಮಾರಿಗೆ ಒಂದು ಆಸರೆ ಇತ್ತು. ಮುಂಬಯಿಯಲ್ಲಿ ಏರ್ ಇಂಡಿಯಾ, ರೈಲ್ವೆ, ಬ್ಯಾಂಕುಗಳ ತಂಡಗಳಿದ್ದವು. ಇಲ್ಲಿ ಬಂದರಿನದೇ ತಂಡವಿತ್ತು. ಆಟಗಾರ ಮೊದಲು ನೌಕರ, ಆಮೇಲೆ ಆಟಗಾರ. ಮೊಣಕಾಲು ಹೋದರೆ ಮೇಜಿನ ಮುಂದೆ ಕುಳಿತು ಕಡತ ನೋಡುತ್ತಿದ್ದ, ನಿವೃತ್ತಿಯ ತನಕ ಸಂಬಳ ತಪ್ಪುತ್ತಿರಲಿಲ್ಲ. ಆ ವ್ಯವಸ್ಥೆಯಲ್ಲಿ ಆಟದ ಗುಣಮಟ್ಟ ಎಷ್ಟಿತ್ತು ಎಂದು ವಾದಿಸುವವರು ವಾದಿಸಲಿ, ನಾನು ಆ ಜಗಳಕ್ಕೆ ಹೋಗುವುದಿಲ್ಲ. 2010ರಲ್ಲಿ ಮುಂಬಯಿಯ ಮಹೀಂದ್ರ ಯುನೈಟೆಡ್ ಮುಚ್ಚಿತು; 2016ರಲ್ಲಿ ಗೋವಾದ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಗೋವಾ ಮೂರೂ ರಾಷ್ಟ್ರೀಯ ಮಟ್ಟದ ಐ-ಲೀಗ್‌ನಿಂದ ಹೊರಬಂದವು. ನೌಕರಿಯ ಜಾಗಕ್ಕೆ ಋತುವಿನಿಂದ ಋತುವಿಗೆ ಬರೆಯುವ ಒಪ್ಪಂದ ಬಂತು. ನೌಕರಿಯೊಂದಿಗೆ ಬರುತ್ತಿದ್ದ ರಕ್ಷಣೆ ಮಾತ್ರ ಬರಲಿಲ್ಲ. 2025ರಲ್ಲಿ ಐಎಸ್‌ಎಲ್ ನಡೆಯುವುದೇ ಅನುಮಾನವಾದಾಗ ಬೆಂಗಳೂರು ಎಫ್‌ಸಿಯಂಥ ಕ್ಲಬ್ಬೇ ಮೊದಲ ತಂಡದ ಸಂಬಳವನ್ನು ತಡೆಹಿಡಿಯಿತು. ಗಟ್ಟಿಮುಟ್ಟಾಗಿದ್ದವರ ಪಾಡೇ ಹಾಗಾದರೆ ಗಾಯಾಳುವಿನ ಪಾಡು ಏನಾದೀತು?

ಸಣ್ಣ ಕ್ಲಬ್ಬಿನ ಖಜಾಂಚಿ ಇಲ್ಲಿ ನನ್ನನ್ನು ತಡೆದು, ಆಡದವನಿಗೂ ಸಂಬಳ, ಅವನ ಜಾಗಕ್ಕೆ ತಂದವನಿಗೂ ಸಂಬಳ, ದುಡ್ಡು ಎಲ್ಲಿಂದ ತರುವುದು ಎಂದು ಕೇಳಬಹುದು. ಪೂರ್ಣ ಸಂಬಳ ಕೊಡಿ ಎಂದು ನಾನು ಹೇಳುತ್ತಿಲ್ಲ. ಚಿಕಿತ್ಸೆಯ ವೆಚ್ಚ ಪೂರ್ತಿ ಕ್ಲಬ್ಬಿನದಾಗಿರಲಿ, ಮೂಲ ಸಂಬಳದ ಒಂದು ಭಾಗ ಸಿಗಲಿ, ಪಂದ್ಯ ಆಡಿದರೆ ಮಾತ್ರ ಸಿಗುವ ಭತ್ಯೆಗಳು ನಿಲ್ಲಲಿ. ಹೆರಿಗೆ ರಜೆಯ ವಿಷಯದಲ್ಲಿ ಫಿಫಾ ಇದನ್ನು ಮಾಡಿ ತೋರಿಸಿದೆ: 2021ರಿಂದ ಆಟಗಾರ್ತಿಗೆ ಕನಿಷ್ಠ 14 ವಾರಗಳ ರಜೆ, ಆ ಅವಧಿಗೆ ಸಂಬಳದ ಕನಿಷ್ಠ ಮೂರನೇ ಎರಡು ಭಾಗ ಕಡ್ಡಾಯ. ಅದೇ ಅಳತೆಯನ್ನು ಕ್ಲಬ್ಬಿನ ಕೆಲಸದಲ್ಲಾದ ಗಾಯಕ್ಕೂ ಅನ್ವಯಿಸಿದರೆ ಯಾವ ಕ್ಲಬ್ಬೂ ಮುಳುಗುವುದಿಲ್ಲ. ನಿರ್ಧಾರವನ್ನು ಮಾತ್ರ ಕ್ಲಬ್ಬಿನ ವೈದ್ಯರೊಬ್ಬರ ಕೈಗೆ ಬಿಡಬಾರದು. ಗೋವಾ ಫುಟ್‌ಬಾಲ್ ಅಸೋಸಿಯೇಷನ್ ಮೂಳೆತಜ್ಞರ ಒಂದು ಪಟ್ಟಿ ಇಟ್ಟುಕೊಂಡು, ಎರಡೂ ಕಡೆಯವರಿಗೆ ಸಂಬಂಧವಿಲ್ಲದ ಒಬ್ಬರಿಂದ ಅಭಿಪ್ರಾಯ ಪಡೆದರೆ ಸಾಕು.

ಈ ಬಾರಿ ಮಗನೋ ತಮ್ಮನೋ ಸಹಿ ಹಾಕಲಿದ್ದಾನೆ ಎಂಬ ಮನೆಗಳು ಬಾಯ್ನಾದಲ್ಲೂ ಝುವಾರಿನಗರದಲ್ಲೂ ಇವೆ. ಒಪ್ಪಂದದ ಪ್ರತಿ ಇಂಗ್ಲಿಷಿನಲ್ಲಿ ಇರುತ್ತದೆ. ಓದಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಗಾಯವಾದಾಗ ಒಪ್ಪಂದ ಎಂದಿನವರೆಗೆ ಮುಂದುವರಿಯುತ್ತದೆ, ಚಿಕಿತ್ಸೆಗೆ ಮಿತಿ ಇದೆಯೇ, ವಿಮೆ ಯಾರ ಹೆಸರಿನಲ್ಲಿದೆ ಎಂದು ಸಹಿಗೆ ಮೊದಲೇ ಕೇಳಿ, ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ ಕಾಗದದಲ್ಲಿ ಬರೆಸಿಕೊಳ್ಳಿ. ಎಂಆರ್‌ಐ ವರದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಫಿಸಿಯೊ ಬರೆದಿಟ್ಟ ಅಳತೆಗಳು ಇವೆಲ್ಲದರ ಪ್ರತಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಮುಂದೆ ಬೇರೆ ಕ್ಲಬ್ಬಿನ ವೈದ್ಯರು ಮೊದಲು ಕೇಳುವುದು ಅವನ್ನೇ, ಮತ್ತು ಹಳೆಯ ಕ್ಲಬ್ಬಿನ ಕಚೇರಿಯಿಂದ ಅವನ್ನು ಆಮೇಲೆ ಹೊರಡಿಸುವುದು ಸುಲಭವಲ್ಲ.