ಡಬ್ಬದ ಮೇಲಿನ ಜಿಬಿ, ಗಿಗಾಹರ್ಟ್ಸ್

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಗೋಣಿಕೊಪ್ಪಲಿಗೆ ಬಂದು ಕೂತಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬರುತ್ತೇನೆ.

1 ಟಿಬಿ (ಟೆರಾಬೈಟ್) ಅಂತ ಬರೆದಿರುವ ಹಾರ್ಡ್‌ಡಿಸ್ಕ್ ತಂದು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ. 931 ಜಿಬಿ ಅಂತ ತೋರಿಸುತ್ತದೆ. ಮಿಕ್ಕಿದ್ದು ಎಲ್ಲಿ ಹೋಯಿತು? ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ, ಅವರೇನೂ ಮೋಸ ಮಾಡಿಲ್ಲ. ಡಿಸ್ಕ್ ಮಾಡುವವರದು ಸಾವಿರದ ಲೆಕ್ಕ. ಅವರ ಟಿಬಿ ಅಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್‌ನದು 1024ರ ಲೆಕ್ಕ. ಕಂಪ್ಯೂಟರಿಗೆ ಎಲ್ಲವೂ ಎರಡೆರಡರ ಲೆಕ್ಕ ತಾನೇ, ಒಂದನ್ನು ಹತ್ತು ಸಲ ದುಪ್ಪಟ್ಟು ಮಾಡುತ್ತಾ ಹೋದರೆ 1024 ಆಗುತ್ತದೆ. ಕಿಲೋದಲ್ಲಿ ಈ ವ್ಯತ್ಯಾಸ ಶೇಕಡ 2.4 ಮಾತ್ರ. ಟೆರಾಕ್ಕೆ ಬರುವಷ್ಟರಲ್ಲಿ ಶೇಕಡ 10ರ ಹತ್ತಿರ ಹೋಗುತ್ತದೆ.

1024ರ ಲೆಕ್ಕಕ್ಕೆ 1998ರಲ್ಲೇ ಕಿಬಿಬೈಟ್, ಗಿಬಿಬೈಟ್ ಅಂತ ಬೇರೆ ಹೆಸರು ಕೊಟ್ಟಾಗಿದೆ. ವಿಂಡೋಸ್ ಮಾತ್ರ ಗಿಬಿಬೈಟ್ ಎಣಿಸಿ ಈಗಲೂ ಜಿಬಿ ಅಂತಲೇ ಬರೆಯುತ್ತದೆ. ತಪ್ಪು ಅದರದೇ ಅನ್ನುವವನು ನಾನು. ಹಳೇ 1.44 ಎಂಬಿ ಫ್ಲಾಪಿಯದಂತೂ ಇನ್ನೂ ತಮಾಷೆ. ಅದರಲ್ಲಿ ಇದ್ದದ್ದು 1440 ಸಲ 1024 ಬೈಟ್. ಎರಡೂ ಲೆಕ್ಕದ ಬೆರಕೆ!

ಬಿಟ್ ಅಂದರೆ ಒಂದು ಸೊನ್ನೆ ಅಥವಾ ಒಂದು, ಬೈಟ್ ಅಂದರೆ ಅಂಥ ಎಂಟು ಬಿಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ ಕನ್ನಡಕ್ಕೆ ಸಾಲದು. ಅಕ್ಷರಗಳನ್ನು ಬೈಟ್ ಮಾಡಿ ಇಡಲು ಈಗ ಎಲ್ಲೆಡೆ ಬಳಸುವ ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ ಅಕ್ಷರಕ್ಕೆ ಮೂರು ಬೈಟ್, ಅದರ ಸ್ವರಚಿಹ್ನೆಗೆ ಮತ್ತೆ ಮೂರು. ‘ಕೊಡಗು’ ಅಂತ ಬರೆದರೆ ಕ, ಅದರ ಒತ್ವ, ಡ, ಗ, ಅದರ ಉಕಾರ: ಒಟ್ಟು 15 ಬೈಟ್. ಇಂಗ್ಲಿಷಿನಲ್ಲಾದರೆ ಆರು. ಹಾಗಂತ ಕನ್ನಡ ಬರೆದು ಡಿಸ್ಕ್ ತುಂಬಿಸಿದವರಿಲ್ಲ ಬಿಡಿ, ತುಂಬಿಸುವುದು ಮದುವೆ ವಿಡಿಯೋ.

ಇಂಟರ್ನೆಟ್ ಕಂಪನಿಗಳು ಹೇಳುವುದು ಬೈಟ್ ಅಲ್ಲ, ಬಿಟ್. 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್ ಕನೆಕ್ಷನ್ನಿನಲ್ಲಿ ಸೆಕೆಂಡಿಗೆ ಇಳಿಯುವುದು ಜಾಸ್ತಿ ಅಂದರೆ ಹನ್ನೆರಡೂವರೆ ಮೆಗಾಬೈಟ್.

ಇನ್ನು ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್ಪು. 1971ರ ಇಂಟೆಲ್ 4004 ಚಿಪ್ಪಿನ ಗಡಿಯಾರ ಸೆಕೆಂಡಿಗೆ ಏಳು ಲಕ್ಷ ನಲವತ್ತು ಸಾವಿರ ಸಲ ಮಿಡಿಯುತ್ತಿತ್ತು. ಇವತ್ತಿನ 3 ಗಿಗಾಹರ್ಟ್ಸ್ ಅಂದರೆ ಮುನ್ನೂರು ಕೋಟಿ ಸಲ. ಆದರೆ ಒಂದೊಂದು ಮಿಡಿತಕ್ಕೆ ಎಷ್ಟು ಕೆಲಸ ಆಗುತ್ತದೆ ಅನ್ನುವುದು ಆ ಅಂಕಿಯಲ್ಲಿ ಇಲ್ಲ. ನೀವು ರೋಬಸ್ಟಾ ಕಾಫಿ ಚೆರಿ (ಒಣಗಿಸಿದ ಹಣ್ಣು) ಮಾರುವಾಗ ವ್ಯಾಪಾರಿ ಬರೀ ಚೀಲ ಎಣಿಸಿ ದುಡ್ಡು ಕೊಡುತ್ತಾರಾ? ಓಟಿ, ಅಂದರೆ ಚೆರಿಯಿಂದ ಎಷ್ಟು ಬೀಜ ಸಿಗುತ್ತದೆ ಅಂತ ನೋಡುತ್ತಾರೆ. 50 ಕೆಜಿ ಚೀಲದಲ್ಲಿ 26 ಕೆಜಿ ಬೀಜ ಬಂತಾ, 24 ಬಂತಾ ಅಂತ. ಗಿಗಾಹರ್ಟ್ಸ್ ಅನ್ನುವುದು ಚೀಲದ ಎಣಿಕೆ, ಅಷ್ಟೇ.

ಇಂಟೆಲ್‌ನವರಿಗೇ ಇದು ಬಿಸಿ ಮುಟ್ಟಿಸಿತು. 2004ರಲ್ಲಿ ಪೆಂಟಿಯಂ 4 ಚಿಪ್ಪನ್ನು 3.8 ಗಿಗಾಹರ್ಟ್ಸ್‌ವರೆಗೆ ಓಡಿಸಿದರು. ಆಮೇಲೆ ಶಾಖ ತಡೆಯಲಾಗದೆ ಅಲ್ಲೇ ನಿಂತರು. 2006ರಲ್ಲಿ ಬಂದ ಕೋರ್ 2 ಡ್ಯುಯೊ 2.4 ಗಿಗಾಹರ್ಟ್ಸ್‌ನಲ್ಲೇ ಅದನ್ನು ಹಿಂದೆ ಹಾಕಿತು.

ತೋಟದ ಲೆಕ್ಕ, ಮಕ್ಕಳ ಓದು, ಒಂದಿಷ್ಟು ಫೋಟೋ: ಇಷ್ಟಕ್ಕೆ ದುಬಾರಿ ಪ್ರೊಸೆಸರ್ ಯಾಕೆ? ಹಳೇ ಕಂಪ್ಯೂಟರ್ ತೆವಳುತ್ತಿದ್ದರೆ ಮೊದಲು ಡಿಸ್ಕ್ ಯಾವುದು ನೋಡಿ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್‌ಡಿಸ್ಕ್ ಅರ್ಧ ಸುತ್ತು ಮುಗಿಸುವಷ್ಟರಲ್ಲಿ 3 ಗಿಗಾಹರ್ಟ್ಸ್ ಪ್ರೊಸೆಸರ್ ಒಂದೂವರೆ ಕೋಟಿಗೂ ಜಾಸ್ತಿ ಸಲ ಮಿಡಿದಿರುತ್ತದೆ. ಬೇಕಾದ ಮಾಹಿತಿ ಬರುವವರೆಗೆ ಅದಷ್ಟೂ ಸುಮ್ನೆ ಕಾಯುವುದೇ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಮಾಹಿತಿ ಎಲ್ಲ ಚಿಪ್ಪಿನಲ್ಲೇ. 256 ಜಿಬಿಯದು ಒಂದು ಹಾಕಿಸಿ, ವಿಂಡೋಸ್ ಅದರಲ್ಲಿರಲಿ. ಹಳೇ ಡಿಸ್ಕನ್ನು ಮದುವೆ ವಿಡಿಯೋಗೆ ಇಟ್ಟುಕೊಳ್ಳಿ.