ತೆರಿಗೆ ದುಡ್ಡಿಗೂ ಕಾರ್ಡ್ ಫೀಸು

ಕೇಳುಗರೆಲ್ಲರಿಗೂ ನಮಸ್ಕಾರ.

ಅಂಗಡಿಯಲ್ಲಿ ಕೊಟ್ಟ ಬಿಲ್ಲನ್ನು ನೀವು ಓದುತ್ತೀರಾ? ಬಹಳ ಜನ ಓದುವುದಿಲ್ಲ, ಕೆಳಗಿನ ಮೊತ್ತ ನೋಡಿ ಮಡಚಿ ಜೇಬಿಗೆ ಹಾಕುತ್ತಾರೆ. ಓದುವವರಿಗೆ ತೆರಿಗೆಯ ಸಾಲು ಕಣ್ಣಿಗೆ ಬೀಳುತ್ತದೆ, ಸ್ವಲ್ಪ ಗೊಣಗುತ್ತಾರೆ. ಆದರೆ ಅದೇ ಮಾರಾಟದಲ್ಲಿ ಇನ್ನೊಂದು ಕತ್ತರಿಯೂ ಬಿದ್ದಿರುತ್ತದೆ, ಅದು ಸಾಮಾನ್ಯವಾಗಿ ಬಿಲ್ಲಿನಲ್ಲಿ ಇರುವುದೇ ಇಲ್ಲ. ನೀವು ಕಾರ್ಡ್ ಉಜ್ಜಿದ್ದಕ್ಕೆ ಅಂಗಡಿಯವರು ತೆತ್ತ ಫೀಸು ಅದು. ತೆರಿಗೆ, ಫೀಸು ಎರಡೂ ಒಂದರ ಮೇಲೊಂದು ಕೂತಾಗ ಏನಾಗುತ್ತದೆ ನೋಡೋಣ. ಸ್ವಲ್ಪ ಲೆಕ್ಕ ಇದೆ. ಹೆದರಬೇಡಿ, ಬಾಯಿಲೆಕ್ಕವೇ.

ಒಂದು ವಸ್ತುವಿನ ಬೆಲೆ 1,000 ಅಂದುಕೊಳ್ಳಿ, ಯಾವ ದೇಶದ ಹಣವಾದರೂ ಸರಿ. ತೆರಿಗೆ ಶೇಕಡ 10. ಗಿರಾಕಿ ಕೊಡುವುದು 1,100. ಕಾರ್ಡ್ ಫೀಸು ಶೇಕಡ 2 ಅಂತಿಟ್ಟುಕೊಳ್ಳಿ. ಸಾವಿರಕ್ಕೆ 20 ಹೋಯಿತು, ಅಲ್ವಾ? ಇಲ್ಲ, 22 ಹೋಯಿತು. ಸರಕಿನ ಬೆಲೆ ಎಷ್ಟು, ತೆರಿಗೆ ಎಷ್ಟು ಅಂತ ಫೀಸಿನ ಲೆಕ್ಕದಲ್ಲಿ ಬೇರೆ ಮಾಡುವುದಿಲ್ಲ. ಕಾರ್ಡಿನಿಂದ ಬಂದಿದ್ದು 1,100, ಫೀಸು ಅಷ್ಟಕ್ಕೂ. ಆ ಹೆಚ್ಚಿನ 2 ಇದೆಯಲ್ಲ, ಅದು ತೆರಿಗೆಯ 100ರ ಮೇಲೆ ಬಿದ್ದದ್ದು. ಆ 100 ಅಂಗಡಿಯವರದ್ದೇ ಅಲ್ಲ, ಗಿರಾಕಿಯಿಂದ ಇಸಿದುಕೊಂಡು ಸರ್ಕಾರಕ್ಕೆ ಕಟ್ಟಬೇಕಾದ ದುಡ್ಡು, ನಡುವೆ ನಾಲ್ಕು ದಿನ ಅವರ ಖಾತೆಯಲ್ಲಿ ತಂಗಿರುತ್ತದೆ ಅಷ್ಟೇ. ಅದನ್ನು ಹೊತ್ತು ತಂದ ಕೂಲಿಯನ್ನೂ ಅವರೇ ಕೊಡಬೇಕು. 'ನನ್ನ ಕೈಗೆ ಬಂದಿದ್ದು 1,078, ಅದಕ್ಕೆ ತಕ್ಕಷ್ಟು ತೆರಿಗೆ ಕಟ್ಟುತ್ತೇನೆ' ಅಂದರೆ ತೆರಿಗೆಯವರು ಕೇಳುವುದಿಲ್ಲ. ಪೂರ್ತಿ 100 ಎಣಿಸಬೇಕು.

22 ಅಂದರೆ ಏನು ಮಹಾ ಅನ್ನಿಸಬಹುದು. ಲಾಭದ ಪಕ್ಕದಲ್ಲಿಟ್ಟು ನೋಡಿ. ಬಾಡಿಗೆ, ಸಂಬಳ, ಕರೆಂಟು, ಸರಕಿನ ಅಸಲು ಎಲ್ಲ ಕಳೆದು ಆ ಸಾವಿರದಲ್ಲಿ 50 ಉಳಿಯುವ ವ್ಯಾಪಾರ ಅಂದುಕೊಳ್ಳಿ. ಅದರಲ್ಲಿ 22 ಫೀಸಿಗೆ ಹೋದರೆ ಮನೆಗೆ ಒಯ್ಯುವುದು 28. ಬರೀ ಶೇಕಡ 2 ಅಂತ ಕೇಳಿಸಿದ್ದು ಲಾಭದ ಶೇಕಡ 44 ಆಯಿತು. ಇನ್ನು ಫೀಸಿನಲ್ಲಿ ಶೇಕಡಾವಾರಿನ ಜೊತೆಗೆ ಪ್ರತಿ ಸಲಕ್ಕೆ ಇಷ್ಟು ಅಂತ ಒಂದು ಕಟ್ಟುಮೊತ್ತವೂ ಇದ್ದರೆ, ಸಣ್ಣ ಖರೀದಿಗೆ ಅದು ಸರಿಯಾಗಿ ಬರೆ ಎಳೆಯುತ್ತದೆ. 'ಇಷ್ಟಕ್ಕಿಂತ ಕಡಿಮೆಯಾದರೆ ಕಾರ್ಡ್ ಬೇಡ' ಅಂತ ಬೋರ್ಡು ನೇತಾಡುವುದು ಸುಮ್ನೆ ಅಲ್ಲ.

ಈ 22 ಯಾರ ಪಾಲಾಗುತ್ತದೆ? ಸಾಮಾನ್ಯವಾಗಿ ದೊಡ್ಡ ಪಾಲು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ, ಅದನ್ನು ಇಂಟರ್‌ಚೇಂಜ್ ಅನ್ನುತ್ತಾರೆ. ಸಣ್ಣದೊಂದು ಪಾಲು ವೀಸಾ, ಮಾಸ್ಟರ್‌ಕಾರ್ಡ್‌ನಂಥ ನೆಟ್‌ವರ್ಕಿಗೆ. ಮಿಕ್ಕಿದ್ದು ಅಂಗಡಿಗೆ ಮಷೀನು ಕೊಟ್ಟವರಿಗೆ. ತಮಾಷೆ ಏನೆಂದರೆ ಇಂಟರ್‌ಚೇಂಜ್ ದರ ಇಡುವುದು ನೆಟ್‌ವರ್ಕು, ಕಾರ್ಡ್ ಆರಿಸುವುದು ಗಿರಾಕಿ, ದುಡ್ಡು ಬಿಚ್ಚುವುದು ಮಾತ್ರ ಇವೆರಡರಲ್ಲೂ ಮಾತಿಲ್ಲದ ಅಂಗಡಿಯವರು. ಖರೀದಿಗೆ ಬಹುಮಾನವಾಗಿ ಪಾಯಿಂಟ್ ಜಾಸ್ತಿ ಕೊಡುವ ಕಾರ್ಡಿಗೆ ಸಾಮಾನ್ಯವಾಗಿ ಇಂಟರ್‌ಚೇಂಜೂ ಜಾಸ್ತಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಯಾರ ದುಡ್ಡು ಅಂತ ಹುಡುಕಿದರೆ, ಅಂಗಡಿಯವರು ಫೀಸನ್ನು ಬೆಲೆಯೊಳಗೆ ಬೆರೆಸಿರುತ್ತಾರೆ, ಬೆಲೆ ಎಲ್ಲರಿಗೂ ಒಂದೇ, ಹಾಗಾಗಿ ಕಾರ್ಡೇ ಇಲ್ಲದೆ ನೋಟು ಎಣಿಸಿ ಕೊಡುವವರೂ ಇನ್ನೊಬ್ಬರ ಪಾಯಿಂಟಿಗೆ ಚೂರು ಹಾಕಿರುತ್ತಾರೆ. ನಾನೂ ಪಾಯಿಂಟ್ ಕೂಡಿಸುವವನೇ, ಸುಳ್ಳು ಯಾಕೆ ಹೇಳಲಿ. ನೋಟೂ ಪುಕ್ಕಟೆ ಅಲ್ಲ ಬಿಡಿ, ಎಣಿಸಬೇಕು, ಕಾಯಬೇಕು, ಬ್ಯಾಂಕಿಗೆ ಹೊತ್ತುಕೊಂಡು ಹೋಗಬೇಕು.

ಸರಕು ವಾಪಸ್ ಬಂತು ಅನ್ನಿ. ಗಿರಾಕಿಗೆ 1,100 ಪೂರ್ತಿ ಕೊಡಬೇಕು. ತೆರಿಗೆಯ 100 ಮುಂದಿನ ಲೆಕ್ಕದಲ್ಲಿ ವಜಾ ಆಗುತ್ತದೆ. ಆ 22? ಎಷ್ಟೋ ಕರಾರುಗಳಲ್ಲಿ ಅದು ಹಿಂದಕ್ಕೆ ಬರುವುದಿಲ್ಲ. ಮಾರಾಟವೂ ಇಲ್ಲ, ಲಾಭವೂ ಇಲ್ಲ, ಫೀಸು ಮಾತ್ರ ಗಟ್ಟಿ.

ಹಾಗಾದರೆ ಫೀಸನ್ನು ಗಿರಾಕಿಯ ಬಿಲ್ಲಿಗೇ ಹಾಕಬಹುದಲ್ವಾ? ಕೆಲವು ಕಡೆ ಹಾಕಬಹುದು. ಆಸ್ಟ್ರೇಲಿಯಾದಲ್ಲಿ 2003ರಲ್ಲಿ ಅದಕ್ಕೆ ದಾರಿ ಬಿಟ್ಟಿದ್ದರು. ಆದರೆ ಇಲ್ಲೊಂದು ಗಂಟಿದೆ. ಹೀಗೆ ಸೇರಿಸಿದ ಮೊತ್ತವೂ ಬೆಲೆಯ ಭಾಗವೇ ಅಂತ ಅನೇಕ ಕಡೆ ತೆರಿಗೆಯವರು ಹೇಳುತ್ತಾರೆ. ನಮ್ಮ ಲೆಕ್ಕಕ್ಕೇ ಬನ್ನಿ. ಅಂಗಡಿಯವರು 22 ಸೇರಿಸಿದರು, ಅದರ ಮೇಲೆ ತೆರಿಗೆ 2.20, ಒಟ್ಟು 1,124.20 ಆಯಿತು. ಈಗ ಕಾರ್ಡ್ ಫೀಸು ಇದರ ಮೇಲೆ, ಅಂದರೆ ಸುಮಾರು 22.48. ಸೇರಿಸಿದ್ದು 22, ಹೋಗಿದ್ದು 22.48! ತನ್ನ ಬಾಲ ತಾನೇ ಹಿಡಿಯೋಕೆ ಸುತ್ತುವ ನಾಯಿಯ ಕತೆ.

ಯುರೋಪಿಯನ್ ಒಕ್ಕೂಟದವರು ಬೇರೆ ದಾರಿ ಹಿಡಿದರು. ಸಾಮಾನ್ಯ ಗಿರಾಕಿಗಳ ಡೆಬಿಟ್ ಕಾರ್ಡಿಗೆ ಶೇಕಡ 0.2, ಕ್ರೆಡಿಟ್ ಕಾರ್ಡಿಗೆ ಶೇಕಡ 0.3, ಇಂಟರ್‌ಚೇಂಜ್ ಇದಕ್ಕಿಂತ ಮೇಲೆ ಹೋಗಬಾರದು ಅಂತ 2015ರಲ್ಲಿ ಗೆರೆ ಎಳೆದರು. ಆಮೇಲೆ 2018ರಲ್ಲಿ ಅಂಥ ಕಾರ್ಡುಗಳಿಗೆ ಗಿರಾಕಿಯಿಂದ ಹೆಚ್ಚುವರಿ ಕೇಳುವುದನ್ನೂ ನಿಲ್ಲಿಸಿದರು. ಫೀಸೇ ಚಿಕ್ಕದಾದ ಮೇಲೆ ಕೇಳುವುದಕ್ಕೆ ಏನಿದೆ ಅಂತ. ನನಗೆ ಈ ಕ್ರಮ ಸರಿ ಕಾಣುತ್ತದೆ.

ಗೆರೆ ಎಳೆಯುವುದರಲ್ಲೂ ಎಡವಟ್ಟಾಗುತ್ತದೆ. ಅಮೆರಿಕದಲ್ಲಿ 2011ರಲ್ಲಿ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿಗೆ ಮಿತಿ ಬಂತು, ಪ್ರತಿ ಸಲಕ್ಕೆ 21 ಸೆಂಟ್ ಮತ್ತು ಮೊತ್ತದ ಶೇಕಡ 0.05. ಅದಕ್ಕೆ ಮೊದಲು ಸಣ್ಣಪುಟ್ಟ ಖರೀದಿಗೆ ಇದಕ್ಕಿಂತ ಕಡಿಮೆ ಫೀಸು ಇರುತ್ತಿತ್ತು. ಮಿತಿ ಬಂದ ಮೇಲೆ ನೆಟ್‌ವರ್ಕುಗಳು ಆ ರಿಯಾಯಿತಿ ತೆಗೆದವು. ಇದಕ್ಕಿಂತ ಜಾಸ್ತಿ ಬೇಡ ಅಂದಿದ್ದು ಇಷ್ಟು ಕೊಡಿ ಅಂತಾಯಿತು. ದೊಡ್ಡ ಬಿಲ್ಲಿನವರಿಗೆ ಲಾಭ, ಚಿಲ್ಲರೆ ಬಿಲ್ಲಿನವರಿಗೆ ಪೆಟ್ಟು.

ಅದೇ ಅಮೆರಿಕದಲ್ಲಿ ತೆರಿಗೆ ದರ ಊರಿಂದ ಊರಿಗೆ ಬೇರೆ. ಹಾಗಾಗಿ ಕಪಾಟಿನ ಮೇಲಿನ ಬೆಲೆಯಲ್ಲಿ ಸಾಮಾನ್ಯವಾಗಿ ತೆರಿಗೆ ಸೇರಿರುವುದಿಲ್ಲ, ಗಲ್ಲಾದ ಹತ್ತಿರ ಸೇರುತ್ತದೆ. ತೆರಿಗೆ ವಸೂಲಿ ಮಾಡಿ ಸಕಾಲಕ್ಕೆ ಕಟ್ಟಿದ್ದಕ್ಕೆ ಅಂಗಡಿಯವರಿಗೆ ಪುಟ್ಟದೊಂದು ಪಾಲು ಬಿಟ್ಟುಕೊಡುವ ರಾಜ್ಯಗಳೂ ಅಲ್ಲಿವೆ. ಇಲಿನಾಯ್ ರಾಜ್ಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಿಲ್ಲಿನಲ್ಲಿರುವ ತೆರಿಗೆ ಮತ್ತು ಟಿಪ್ಸ್ ಮೇಲೆ ಇಂಟರ್‌ಚೇಂಜ್ ಹಾಕಬಾರದು ಅಂತ 2024ರಲ್ಲಿ ಕಾನೂನು ಮಾಡಿತು. ನಾನು ಮೊದಲು ಹೇಳಿದ ಆ 2ರ ಕತೆಯೇ ಇದು. ಬ್ಯಾಂಕುಗಳ ಸಂಘಗಳು ಕೋರ್ಟಿಗೆ ಹೋದವು. ಅವರ ದೊಡ್ಡ ದೂರು ಏನು ಗೊತ್ತಾ? ನಮ್ಮ ವ್ಯವಸ್ಥೆಗೆ ಬರುವುದು ಒಟ್ಟು ಮೊತ್ತ, ಅದರಲ್ಲಿ ತೆರಿಗೆ ಎಷ್ಟು ಅಂತ ಬೇರೆ ಮಾಡಬೇಕಾದರೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು ಅಂತ. ಅದೇ ಗಲ್ಲಾದ ಮೇಲೆ, ಕಾರ್ಡ್ ಮಷೀನಿನ ಪಕ್ಕದಲ್ಲೇ, ತೆರಿಗೆಯನ್ನು ಬೇರೆ ಸಾಲಿನಲ್ಲಿ ಪೈಸೆ ಬಿಡದೆ ಅಚ್ಚು ಹಾಕುವ ಇನ್ನೊಂದು ಮಷೀನು ಕೂತಿರುತ್ತದೆ.

ನಮಸ್ಕಾರ.